ನಿಂತ ಕಾರಿನ ಗುಪ್ತವ್ಯಯ

ಹಳೆಯ ಕಾರನ್ನು ಇಟ್ಟುಕೊಂಡಿರುವ ಗೃಹಸ್ಥರು ಹೇಳಿಕೊಳ್ಳುವ ತೊಂದರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ಒಂದುಂಟು. ಸಾಯಂಕಾಲ ಸುಖವಾಗಿ ಮನೆ ಸೇರಿದ ಗಾಡಿಯು ಬೆಳಗಾಗುವುದರೊಳಗೆ ಮೂಕವಾಗಿರುತ್ತದೆ. ಕೀಲಿಯನ್ನು ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು. ಕೆಲವು ವೇಳೆ ಅದೂ ಇಲ್ಲ. ಆಮೇಲೆ ನಡೆಯುವುದನ್ನು ನಮ್ಮ ಬೀದಿಗಳಲ್ಲಿ ನೋಡದವರಿಲ್ಲ. ಯಜಮಾನರು ಒಳಗೆ ಕುಳಿತು ಎರಡನೆಯ ಗೇರನ್ನು ಹಾಕಿಕೊಳ್ಳುತ್ತಾರೆ; ಮಕ್ಕಳೂ ಅಕ್ಕಪಕ್ಕದವರೂ ಹಿಂದಿನಿಂದ ತಳ್ಳುತ್ತಾರೆ; ಇಳಿಜಾರು ಇದ್ದವರು ಪುಣ್ಯವಂತರು. ಮಾರನೆಯ ದಿನ ಅಂಗಡಿಯಿಂದ ಹೊಸ ಬ್ಯಾಟರಿ ಬರುತ್ತದೆ. ಕೆಲವು ತಿಂಗಳು ಕಳೆಯುವುದರೊಳಗೆ ಮತ್ತೆ ಮೊದಲಿನ ಕಥೆಯೇ.

ಹೊಸ ಬ್ಯಾಟರಿಯೂ ಹೀಗಾದಾಗ ಅಂಗಡಿಯವನನ್ನು ಬೈಯುವವರುಂಟು. ಗಾಡಿಯನ್ನು ಬಂದ ಬೆಲೆಗೆ ಮಾರಿಬಿಡುವವರುಂಟು. ಮನೆಯ ಆಳುಕಾಳುಗಳ ಮೇಲೆ ಸಂಶಯಪಡುವವರೂ ಉಂಟು. ಗಾಡಿಯು ನಿಂತಿರುವಾಗಲೂ ಯಾವುದೋ ಒಂದು ದಾರಿಯಿಂದ ಅದರ ವಿದ್ಯುತ್ತು ಸೋರುತ್ತಿರಬಹುದು, ಆ ದಾರಿಯನ್ನು ಅಳತೆಯಿಂದ ಕಂಡುಹಿಡಿಯಬಹುದು ಎಂದು ಯೋಚಿಸುವವರು ಕಡಿಮೆ. ಆ ಕ್ರಮವನ್ನೇ ಇಲ್ಲಿ ನಿರೂಪಿಸಬೇಕೆಂದಿದ್ದೇವೆ. ನಾವು ವೃತ್ತಿಯಿಂದ ಉಪಾಧ್ಯಾಯರು, ಕಲಿಸಿದ್ದು ಸಂಸ್ಕೃತ; ಮೋಟಾರಿನ ವಿದ್ಯೆಯು ನಮಗೆ ಹವ್ಯಾಸವಾಗಿ ಬಂದದ್ದು. ಆದರೆ ಈ ಒಂದು ವಿಷಯದಲ್ಲಿ ನಮ್ಮ ತರ್ಕಶಾಸ್ತ್ರವು ಸ್ಪ್ಯಾನರಿನಷ್ಟೇ ಉಪಯೋಗಕ್ಕೆ ಬರುವುದನ್ನು ಕಂಡಿದ್ದೇವೆ.

ಹಳೆಯ ಕಾರು ಎಂದರೆ ನಮ್ಮ ನಾಡಿನ ಮನೆಗಳಲ್ಲಿ ಬಹುಮಟ್ಟಿಗೆ ಮೂರು ಜಾತಿ: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800. ಅಂಬಾಸಿಡರಿನ ತಯಾರಿಕೆಯು 2014ರಲ್ಲಿ ನಿಂತಿತು. 1983ರಲ್ಲಿ ಹೊರಬಂದ ಮಾರುತಿ 800 ಸಹ ಅದೇ ವರ್ಷ ಮುಗಿಯಿತು. ಪದ್ಮಿನಿಯು ಅವೆರಡಕ್ಕೂ ಮೊದಲೇ ತೆರಳಿತ್ತು. ತಯಾರಿಕೆ ನಿಂತರೂ, ತಂದೆಯವರು ಕೊಂಡದ್ದೆಂಬ ಮಮತೆಯಿಂದಲೋ ಹೊಸದಕ್ಕೆ ಹಣವಿಲ್ಲದೆಯೋ ಇವನ್ನು ಉಳಿಸಿಕೊಂಡವರು ಇದ್ದಾರೆ. ಇವುಗಳಲ್ಲಿ ಕಾರ್ಬ್ಯುರೇಟರ್ ಇರುವ ಕಾಲದ ಗಾಡಿಗಳಿಗೆ ಒಂದು ಗುಣವಿದೆ. ಈಚಿನ ಕಾರುಗಳಲ್ಲಿರುವಂತೆ ಅವುಗಳಲ್ಲಿ ಗಣಕಯಂತ್ರಗಳ ಪರಿವಾರವಿಲ್ಲ. ತಂತಿಗಳು ಕೆಲವೇ, ಫ್ಯೂಸುಗಳು ಇನ್ನೂ ಕೆಲವೇ. ಆದುದರಿಂದ ಇವನ್ನು ಗೃಹಸ್ಥನು ತಾನೇ ಪರೀಕ್ಷಿಸಬಹುದು.

ಮೊದಲು ಬ್ಯಾಟರಿಯ ಸ್ವಭಾವವನ್ನು ತಿಳಿದುಕೊಳ್ಳುವುದು ಅವಶ್ಯ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಎಂಬ ವಿಜ್ಞಾನಿಯು ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶವನ್ನು ನಿರ್ಮಿಸಿದನು. ಇಂದಿನ ಕಾರಿನ ಬ್ಯಾಟರಿಯು ಆ ಕೋಶದ ವಂಶದ್ದೇ. ಒಂದೊಂದು ಕೋಶದಿಂದ ಎರಡು ವೋಲ್ಟಿಗೆ ತುಸು ಮೇಲೆ ದೊರೆಯುತ್ತದೆ; ಅಂತಹ ಆರನ್ನು ಸಾಲಾಗಿ ಜೋಡಿಸಿ ಹನ್ನೆರಡು ವೋಲ್ಟ್ ಎನ್ನುತ್ತೇವೆ. ಮೊದಲಿನ ಕಾರುಗಳನ್ನು ಮುಂದುಗಡೆ ಹ್ಯಾಂಡಲ್ ಹೊಡೆದು ಚಾಲೂ ಮಾಡಬೇಕಾಗಿತ್ತು. ಹ್ಯಾಂಡಲು ಹಿಮ್ಮೆಟ್ಟಿ ಕೈ ಮುರಿದುಕೊಂಡವರು ಅನೇಕರು. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು ವಿದ್ಯುತ್ತಿನ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಆ ಶ್ರಮವು ತಪ್ಪಿತು. ಆದರೆ ಅಂದಿನಿಂದ ಬ್ಯಾಟರಿಯು ಗಾಡಿಯ ಪ್ರಾಣವೂ ಆಯಿತು. ಅಂಬಾಸಿಡರಿನವರಿಗೆ ಬಹುಕಾಲ ಹ್ಯಾಂಡಲಿನ ಆಸರೆಯೊಂದು ಉಳಿದಿತ್ತು. ಮಾರುತಿಯವರಿಗೆ ನೆರೆಹೊರೆಯವರ ತೋಳುಗಳೇ ಗತಿ.

ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿಯು ಸುಮಾರು 12.6 ವೋಲ್ಟನ್ನು ತೋರಿಸುತ್ತದೆ. 12.2 ತೋರಿಸಿದರೆ ಅರ್ಧ ಖರ್ಚಾಗಿದೆಯೆಂದು ತಿಳಿಯತಕ್ಕದ್ದು. 12ಕ್ಕಿಂತ ಕೆಳಗೆ ಇಳಿದರೆ ಬಹುಮಟ್ಟಿಗೆ ಬರಿದಾಗಿದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ಇದ್ದರೆ ತುಂಬಿದೆಯೆಂದು ಭ್ರಮಿಸುವವರನ್ನು ನಾವು ಅನೇಕ ಸಾರಿ ಕಂಡಿದ್ದೇವೆ. ಇನ್ನೊಂದು ಮಾತು. ಸೀಸದ ಬ್ಯಾಟರಿಯನ್ನು ಬರಿದಾಗಿಸಿ ಹಾಗೆಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಲವಣವು ಗಟ್ಟಿಯಾದ ಹರಳುಗಳಾಗಿ ಕೂರುತ್ತದೆ. ಆಮೇಲೆ ಎಷ್ಟು ತುಂಬಿಸಿದರೂ ಅದು ಪೂರ್ತಿಯಾಗಿ ಕರಗದು. ಸೋರಿಕೆಯಿರುವ ಗಾಡಿಗೆ ಹೊಸ ಬ್ಯಾಟರಿಯನ್ನು ತಂದು ಹಾಕಿದರೆ ಕೆಲವು ತಿಂಗಳಲ್ಲಿಯೇ ಅದೂ ಹಳೆಯದರ ಗತಿಯನ್ನು ಹೊಂದುವುದು ಈ ಕಾರಣದಿಂದ. ರೋಗವಿರುವುದು ಗಾಡಿಯಲ್ಲಿ, ಚಿಕಿತ್ಸೆ ನಡೆಯುತ್ತಿರುವುದು ಬ್ಯಾಟರಿಗೆ.

ಬ್ಯಾಟರಿಯು ಬರಿದಾಗಲು ಕಾರಣಗಳು ಮೂರೇ. ಅದೇ ಮುಪ್ಪಾಗಿ ತುಂಬಿದ್ದನ್ನು ಹಿಡಿದಿಡಲಾರದೆ ಹೋಗಿರಬಹುದು. ಗಾಡಿ ಓಡುವಾಗ ಅದು ಸರಿಯಾಗಿ ತುಂಬದೆ ಇರಬಹುದು. ಇಲ್ಲವೇ ನಿಂತಾಗ ಸೋರುತ್ತಿರಬಹುದು. ಎರಡನೆಯದನ್ನು ಪರಿಹರಿಸಿಕೊಳ್ಳುವುದು ಸುಲಭ: ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯ ಮೇಲೆ ಅಳೆದರೆ ಸುಮಾರು 13.8ರಿಂದ 14.4 ವೋಲ್ಟ್ ಇರತಕ್ಕದ್ದು. ಇಲ್ಲದಿದ್ದರೆ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡಿಸಬೇಕು. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಭೇದವನ್ನು ಯಾವ ಯಂತ್ರವೂ ಇಲ್ಲದೆ ತಿಳಿಯಬಹುದು. ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸಿ, ರಾತ್ರಿ ಅದರ ಋಣಧ್ರುವದ ಕ್ಲಾಂಪನ್ನು ಬಿಚ್ಚಿ ಪಕ್ಕಕ್ಕಿಡಿರಿ. ಎರಡು ದಿನ ಬಿಟ್ಟು ಮತ್ತೆ ಕಟ್ಟಿದಾಗ ಗಾಡಿಯು ಉತ್ಸಾಹದಿಂದ ಚಾಲೂ ಆದರೆ ಬ್ಯಾಟರಿಯು ನಿರ್ದೋಷಿ, ಸೋರಿಕೆಯು ಗಾಡಿಯದು. ಬಿಚ್ಚಿಟ್ಟರೂ ಸತ್ತರೆ ದೋಷವು ಬ್ಯಾಟರಿಯದೇ. ಹೊಸದಕ್ಕೆ ಹಣ ಕೊಡುವ ಮೊದಲು ಪ್ರತಿಯೊಬ್ಬರೂ ಈ ಒಂದು ಪರೀಕ್ಷೆಯನ್ನಾದರೂ ಮಾಡಿ ನೋಡಬೇಕು.

ಬಿಚ್ಚುವಾಗ ಋಣಧ್ರುವವನ್ನೇ ಮೊದಲು ಬಿಚ್ಚಬೇಕು, ಕಟ್ಟುವಾಗ ಅದನ್ನೇ ಕೊನೆಗೆ ಕಟ್ಟಬೇಕು. ಗಾಡಿಯ ಮೈಯೆಲ್ಲ ಋಣಧ್ರುವಕ್ಕೆ ಸೇರಿರುವುದರಿಂದ, ಧನಧ್ರುವದ ಮೇಲಿರುವ ಸ್ಪ್ಯಾನರು ಮೈಗೆ ತಗಲಿದರೆ ಕಿಡಿ ಹಾರುತ್ತದೆ. ಋಣವನ್ನು ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ. ಇಂಗ್ಲೆಂಡಿನ ಬಹು ಹಳೆಯ ಗಾಡಿಗಳಲ್ಲಿ ಧನಧ್ರುವವನ್ನೇ ಮೈಗೆ ಕಟ್ಟುತ್ತಿದ್ದುದುಂಟು. ಅಲ್ಲಿ ಈ ಕ್ರಮವು ತಿರುವುಮುರುವಾಗುತ್ತದೆ. ತುಂಬುವಾಗ ಬ್ಯಾಟರಿಯಿಂದ ಜಲಜನಕವೆಂಬ ಹತ್ತಿ ಉರಿಯುವ ಅನಿಲವು ಹೊರಡುವುದರಿಂದ ಬೀಡಿ, ಬೆಂಕಿಕಡ್ಡಿಗಳನ್ನು ದೂರವಿಡಬೇಕು. ಕೈಯಲ್ಲಿರುವ ಉಂಗುರವನ್ನೂ ಲೋಹದ ಕಡಗವನ್ನೂ ತೆಗೆದಿಡುವುದು ವಿವೇಕ.

ಇನ್ನು ಸೋರಿಕೆಯ ಪ್ರಮಾಣ. ಸಣ್ಣ ಕಾರಿನ ಬ್ಯಾಟರಿಯು ಸಾಮಾನ್ಯವಾಗಿ 35 ಆಂಪಿಯರ್-ಗಂಟೆಯದು. ಎಂದರೆ ಲೆಕ್ಕಕ್ಕೆ, ಒಂದು ಆಂಪಿಯರಿನ ಪ್ರವಾಹವನ್ನು 35 ಗಂಟೆ ಕೊಡಬಲ್ಲದು. ನಂಬರ್ ಪ್ಲೇಟಿನ ಐದು ವ್ಯಾಟಿನ ದೀಪವು ಸುಮಾರು 0.4 ಆಂಪಿಯರನ್ನು ಎಳೆಯುತ್ತದೆ. ಅದು ಹಗಲಿರುಳೂ ಉರಿದರೆ ದಿನಕ್ಕೆ ಹತ್ತು ಆಂಪಿಯರ್-ಗಂಟೆ. ಮೂರೂವರೆ ದಿನಕ್ಕೆ ಎಲ್ಲವೂ ಮುಗಿಯಿತು. ಆದರೆ ಸ್ಟಾರ್ಟರಿಗೆ ಒಂದೇ ಹೊಡೆತಕ್ಕೆ ನೂರರ ಆಸುಪಾಸು ಅಥವಾ ಅದಕ್ಕೂ ಮಿಗಿಲಾದ ಆಂಪಿಯರ್ ಬೇಕಾಗುವುದರಿಂದ, ಪೂರ್ತಿ ಮುಗಿಯುವುದಕ್ಕೆ ಬಹಳ ಮೊದಲೇ, ಎರಡು ಎರಡೂವರೆ ದಿನಕ್ಕೇ ಗಾಡಿಯು ಕೈಕೊಡುತ್ತದೆ. ಗಡಿಯಾರವೂ ರೇಡಿಯೋವೂ ಇಲ್ಲದ ಹಳೆಯ ಗಾಡಿಯಲ್ಲಿ ನಿಂತಾಗಿನ ವ್ಯಯವು ಸೊನ್ನೆಯಾಗಿರತಕ್ಕದ್ದು. ರೇಡಿಯೋ ಇದ್ದರೆ ಅದರ ನೆನಪಿನ ಖರ್ಚು ಹತ್ತಿಪ್ಪತ್ತು ಮಿಲಿಆಂಪಿಯರ್, ಎಂದರೆ ಒಂದು ಆಂಪಿಯರಿನ ನೂರನೆಯ ಅಥವಾ ಐವತ್ತನೆಯ ಒಂದು ಪಾಲು. ಈಚಿನ ಕಾರುಗಳಲ್ಲಿ ಐವತ್ತು ಮಿಲಿಆಂಪಿಯರ್‌ವರೆಗೆ ಕ್ಷಮ್ಯವೆನ್ನುತ್ತಾರೆ. ಅದಕ್ಕೂ ಮೇಲಿದ್ದರೆ ಹುಡುಕಬೇಕು.

ಹುಡುಕುವುದಕ್ಕೆ ಎರಡು ಉಪಾಯಗಳುಂಟು. ಬಡವರ ಉಪಾಯವು ದೀಪ. ಐದು ವ್ಯಾಟಿನ ಒಂದು ಬಲ್ಬಿಗೆ ಎರಡು ತಂತಿಗಳನ್ನು ಕಟ್ಟಿ, ಒಂದನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಬಿಚ್ಚಿದ ಕ್ಲಾಂಪಿಗೂ ತಗುಲಿಸಿದರೆ, ಗಾಡಿಯೊಳಗೆ ಹರಿಯುವುದೆಲ್ಲವೂ ಈ ಬಲ್ಬಿನ ಮೂಲಕವೇ ಹರಿಯಬೇಕು. ಬಲ್ಬು ಕೆಂಪಗಾದರೆ ಸೋರಿಕೆಯುಂಟು. ಪೂರ್ತಿ ಬೆಳಗಿದರೆ ದೊಡ್ಡ ಸೋರಿಕೆ. ಸಣ್ಣ ಸೋರಿಕೆಯು ಬಲ್ಬಿಗೆ ಕಾಣದು. ಅದಕ್ಕೆ ಮಲ್ಟಿಮೀಟರು ಬೇಕು. ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಅದರ ಕೆಂಪು ತಂತಿಯನ್ನು ಹತ್ತು ಆಂಪಿಯರಿನ ರಂಧ್ರಕ್ಕೆ ಸಿಕ್ಕಿಸಿ, ಬಲ್ಬಿನ ಜಾಗದಲ್ಲಿಯೇ ಮೀಟರನ್ನು ಸೇರಿಸಬೇಕು. ಮೊದಲು ಬಲ್ಬನ್ನು ಹಾಕಿ ನೋಡಿ, ಅದು ಪೂರ್ತಿಯಾಗಿ ಬೆಳಗದಿದ್ದರೆ ಮಾತ್ರ ಮೀಟರನ್ನು ಹಾಕುವುದು ಮೀಟರಿಗೆ ಕ್ಷೇಮ. ಮೀಟರು ನಡುವೆ ಇರುವಾಗ ಯಾರೂ ಕೀಲಿಯನ್ನು ತಿರುಗಿಸಕೂಡದು. ತಿರುಗಿಸಿದರೆ ಮೀಟರಿನ ಫ್ಯೂಸಂತೂ ಹೋಗುವುದು ನಿಶ್ಚಯ. ಅಳತೆಯಾದ ಮೇಲೆ ಕೆಂಪು ತಂತಿಯನ್ನು ವೋಲ್ಟಿನ ರಂಧ್ರಕ್ಕೆ ಮರಳಿಸಬೇಕು. ಬಾಗಿಲು ತೆರೆದಿದ್ದರೆ ಒಳದೀಪವು ಹೊತ್ತಿಕೊಂಡು ಅಳತೆಯನ್ನೆಲ್ಲ ಕೆಡಿಸುವುದರಿಂದ, ಬಾಗಿಲನ್ನು ಮುಚ್ಚಬೇಕು, ಇಲ್ಲವೇ ಅದರ ಗುಂಡಿಯನ್ನು ಒಂದು ಬೆಣೆಯಿಂದ ಒತ್ತಿ ಹಿಡಿಯಬೇಕು. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಮೀಟರನ್ನು ನೋಡುತ್ತಿರುವುದು. ಯಾವುದನ್ನು ಕಿತ್ತಾಗ ಅಂಕೆಯು ಇಳಿಯುತ್ತದೆಯೋ ಆ ಹಾದಿಯಲ್ಲಿ ಕಳ್ಳನಿದ್ದಾನೆ.

ನಮ್ಮ ತಾರ್ಕಿಕರು ಇದನ್ನೇ ಅನ್ವಯವ್ಯತಿರೇಕ ಎನ್ನುತ್ತಾರೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ; ಅದು ಇಲ್ಲವಾದಾಗ ಇದೂ ಇಲ್ಲವಾಗುವುದು ವ್ಯತಿರೇಕ. ಎರಡೂ ಕೂಡಿದರೆ ಕಾರಣವು ಸಿಕ್ಕಿತೆಂದು ನಂಬುತ್ತೇವೆ. ಆದರೆ ಅದೇ ತಾರ್ಕಿಕರು ಉಪಾಧಿ ಎಂಬ ಒಂದು ಎಚ್ಚರಿಕೆಯನ್ನೂ ಹೇಳಿದ್ದಾರೆ. ಬೆಂಕಿ ಇರುವೆಡೆ ಹೊಗೆ ಇರುತ್ತದೆಂದು ಒಲೆಯನ್ನು ನೋಡಿದವನು ಹೇಳಿಯಾನು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆ ಇಲ್ಲ. ಹೊಗೆಗೆ ಬೇಕಾದದ್ದು ಹಸಿ ಸೌದೆ. ಅದು ಒಲೆಯಲ್ಲಿ ಬೆಂಕಿಯ ಜೊತೆಗೆ ಇದ್ದುದರಿಂದ ನಾವು ಗಮನಿಸಲಿಲ್ಲ, ಅಷ್ಟೇ. ಈ ಉಪಾಧಿಯನ್ನು ಕಾಣದೆ ಹೋದರೆ ಎಂತಹ ಅನ್ಯಾಯವು ಸಂಭವಿಸಬಹುದೆಂಬುದಕ್ಕೆ ನಮ್ಮ ಬೀದಿಯಲ್ಲಿಯೇ ನಡೆದ ಸಂಗತಿಯೊಂದುಂಟು.

ಶಿವಮೊಗ್ಗೆಯಲ್ಲಿ ನಮ್ಮ ಮನೆಗೆ ನಾಲ್ಕು ಮನೆ ಆಚೆ ಇರುವ ಮಿತ್ರರು ಭದ್ರಾವತಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಅವರನ್ನು ರಾಯರೆಂದು ಕರೆಯೋಣ. 1996ರ ಮಾರುತಿ 800 ಅವರದು. ಸೋಮವಾರದಿಂದ ಶುಕ್ರವಾರದವರೆಗೆ ಅದರಲ್ಲಿಯೇ ಹೋಗಿಬರುತ್ತಾರೆ. ಶನಿವಾರ ಭಾನುವಾರ ಗಾಡಿಗೆ ವಿಶ್ರಾಂತಿ. ಕಳೆದ ಮಳೆಗಾಲದಲ್ಲಿ ಪ್ರತಿ ಸೋಮವಾರವೂ ಬೆಳಿಗ್ಗೆ ಗಾಡಿಯು ಸತ್ತಿರತೊಡಗಿತು. ಹೊಸ ಬ್ಯಾಟರಿಯನ್ನು ಹಾಕಿಸಿದರು. ಎರಡು ವಾರದಲ್ಲಿ ಅದೇ ಪಾಡು.

ಅವರ ಮನೆಯಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗನು ಹೊರಗೆಲಸಕ್ಕಿದ್ದಾನೆ. ಹೂವಿನ ಗಿಡಗಳಿಗೆ ನೀರೆರೆಯುವುದು, ಭಾನುವಾರ ಕಾರನ್ನು ತೊಳೆಯುವುದು ಅವನ ಕೆಲಸ. ಒಳಗನ್ನು ಗುಡಿಸುವುದಕ್ಕಾಗಿ ಅಂದು ಕೀಲಿಯು ಅವನ ಕೈಯಲ್ಲಿರುತ್ತದೆ. ಕಾರಿನಲ್ಲಿ ರಾಯರ ಮಗನು ಹಾಕಿಸಿದ್ದ ರೇಡಿಯೋವೂ, ಸೀಟಿನ ಕೆಳಗೆ ಧ್ವನಿಯನ್ನು ಹೆಚ್ಚಿಸುವ ಆಂಪ್ಲಿಫಯರೂ ಇದ್ದುವು. ಹುಡುಗನು ಭಾನುವಾರ ಅದರಲ್ಲಿ ಕುಳಿತು ಹಾಡು ಕೇಳಿ ಬ್ಯಾಟರಿಯನ್ನು ಮುಗಿಸುತ್ತಾನೆಂದು ರಾಯರ ತೀರ್ಮಾನವಾಯಿತು.

"ಮೇಷ್ಟ್ರೇ, ನೀವೇ ಹೇಳುವ ತರ್ಕದಿಂದ ನೋಡಿ," ಎಂದರು. "ಭಾನುವಾರ ಇವನು ಮುಟ್ಟಿದ, ಸೋಮವಾರ ಗಾಡಿ ಸತ್ತಿತು. ಒಂದೇ ಒಂದು ವಾರ ಇವನು ಊರಿನ ಜಾತ್ರೆಗೆ ಹೋಗಿದ್ದ. ಆ ಸೋಮವಾರ ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಇನ್ನೇನು ಸಾಕ್ಷಿ ಬೇಕು?"

ಅನ್ವಯವೂ ಸರಿ, ವ್ಯತಿರೇಕವೂ ಸರಿ. ತಿಂಗಳ ಕೊನೆಗೆ ಹುಡುಗನನ್ನು ಬಿಡಿಸಬೇಕೆಂದು ನಿಶ್ಚಯವಾಗಿತ್ತು. ಅವನ ಸಂಬಳದಿಂದ ತಂಗಿಯ ಓದು ನಡೆಯುತ್ತಿತ್ತು. ಒಡೆಯರ ವಸ್ತುವನ್ನು ಕದ್ದು ಬಳಸಿದನೆಂಬ ಮಾತು ಬೀದಿಯಲ್ಲಿ ಒಮ್ಮೆ ಹಬ್ಬಿದರೆ ಬೇರೆ ಮನೆಯವರೂ ಅವನನ್ನು ಹತ್ತಿರ ಸೇರಿಸರು. ಹುಡುಗನು, "ನಾನು ರೇಡಿಯೋ ಮುಟ್ಟಿಲ್ಲ ಸ್ವಾಮಿ, ಕಸ ಹೊಡೆದು ಬಾಗಿಲು ಹಾಕಿದ್ದೇನೆ, ಅಷ್ಟೇ" ಎಂದು ಒಂದೇ ಮಾತನ್ನು ಹೇಳುತ್ತಿದ್ದನು.

ಆ ಜಾತ್ರೆಯ ಭಾನುವಾರ ಮನೆಯಲ್ಲಿ ವಿಶೇಷವೇನಾದರೂ ನಡೆದಿತ್ತೇ ಎಂದು ನಾವು ಕೇಳಿದೆವು. ರಾಯರಿಗೆ ನೆನಪಿರಲಿಲ್ಲ. ಒಳಗಿನಿಂದ ಅವರ ಮನೆಯವರು, "ಅವತ್ತು ಸಾಗರದಲ್ಲಿ ಮದುವೆ ಇತ್ತಲ್ಲ, ಕಾರಿನಲ್ಲೇ ಹೋಗಿದ್ದೆವಲ್ಲ" ಎಂದರು. ಹಸಿ ಸೌದೆಯು ಅಲ್ಲಿ ಹೊರಬಿತ್ತು. ಹುಡುಗನಿಲ್ಲದ ಆ ಒಂದು ಭಾನುವಾರವೇ ಕಾರು ದೂರ ಓಡಿ ಬ್ಯಾಟರಿಯನ್ನು ತುಂಬಿಸಿಕೊಂಡಿತ್ತು. ಮಿಕ್ಕ ಭಾನುವಾರಗಳಲ್ಲಿ ಹುಡುಗನೂ ಇದ್ದ, ಕಾರೂ ನಿಂತಿತ್ತು. ಎರಡರಲ್ಲಿ ಯಾವುದು ಕಾರಣ? ತರ್ಕವು ಇಲ್ಲಿಯವರೆಗೆ ಮಾತ್ರ ಕರೆತರಬಲ್ಲದು, ಮುಂದಕ್ಕೆ ಅಳೆಯಬೇಕು.

ಕೀಲಿಯನ್ನು ಒಳಗಿನ ಮೊಳೆಗೆ ತೂಗುಹಾಕಿಸಿ, ಬಾಗಿಲುಗಳನ್ನು ಮುಚ್ಚಿಸಿ, ಹುಡುಗನನ್ನು ನಮ್ಮ ಪಕ್ಕದಲ್ಲಿಯೇ ನಿಲ್ಲಿಸಿಕೊಂಡು ಮೊದಲು ಬಲ್ಬನ್ನು ಹಾಕಿ ನೋಡಿ, ಆಮೇಲೆ ಮೀಟರನ್ನು ಸೇರಿಸಿದೆವು. 0.42 ಆಂಪಿಯರ್. ಗಾಡಿಯನ್ನು ಯಾರೂ ಮುಟ್ಟಿಲ್ಲ. ಆದರೂ ನಂಬರ್ ಪ್ಲೇಟಿನ ದೀಪವೊಂದನ್ನು ಹಗಲಿರುಳು ಉರಿಸಿದಷ್ಟು ವಿದ್ಯುತ್ತು ಹರಿಯುತ್ತಿದೆ. ಶುಕ್ರವಾರ ಸಂಜೆ ಏಳರಿಂದ ಸೋಮವಾರ ಬೆಳಿಗ್ಗೆ ಎಂಟರವರೆಗೆ 61 ಗಂಟೆ; ಗುಣಿಸಿದರೆ ಇಪ್ಪತ್ತೈದೂವರೆ ಆಂಪಿಯರ್-ಗಂಟೆ. 35ರ ಬ್ಯಾಟರಿಯು ಸಾಯುವುದಕ್ಕೆ ಇಷ್ಟು ಧಾರಾಳವಾಗಿ ಸಾಕು. ವಾರದ ದಿನಗಳಲ್ಲಿಯೂ ಅದು ಹೀಗೆಯೇ ಸೋರುತ್ತಿತ್ತು. ಭದ್ರಾವತಿಗೆ ಹೋಗಿಬರುವ ಸುಮಾರು ನಲವತ್ತು ಕಿಲೋಮೀಟರಿನ ಓಟದಲ್ಲಿ ಆ ನಷ್ಟವು ಭರ್ತಿಯಾಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಫ್ಯೂಸುಗಳನ್ನು ಕೀಳುತ್ತ ಹೋದಾಗ, ಒಳದೀಪದ ಫ್ಯೂಸನ್ನು ಕಿತ್ತೊಡನೆ ಅಂಕೆಯು ಸೊನ್ನೆಗೆ ಇಳಿಯಿತು. ಒಳದೀಪದ ಬಲ್ಬನ್ನು ತೆಗೆದು ಫ್ಯೂಸನ್ನು ಮತ್ತೆ ಹಾಕಿದೆವು: 0.42 ಮರಳಿ ಬಂದಿತು. ಆ ಫ್ಯೂಸಿನಿಂದಲೇ ರೇಡಿಯೋಕ್ಕೂ ಕವಲು ತೆಗೆದಿದ್ದರು. ರೇಡಿಯೋವನ್ನು ಅದರ ಗೂಡಿನಿಂದ ಎಳೆದು ಹಿಂದಿನ ಪ್ಲಗ್ಗನ್ನು ಕಳಚಿದೆವು. ಅಂಕೆಯು 0.41ಕ್ಕೆ ಇಳಿಯಿತು, ಅಷ್ಟೇ! ರಾಯರು ರೇಡಿಯೋವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ, ಒಳದೀಪದ ಬಲ್ಬು ನಮ್ಮ ಜೇಬಿನಲ್ಲಿದೆ. ಆದರೂ ವಿದ್ಯುತ್ತು ಹರಿಯುತ್ತಿದೆ. ಫ್ಯೂಸನ್ನು ಕಿತ್ತರೆ ನಿಲ್ಲುತ್ತದೆ. ಆದುದರಿಂದ ಆ ಹಾದಿಯಲ್ಲಿ ಮೂರನೆಯದೊಂದು ಇರಲೇಬೇಕು.

ಇಲ್ಲಿ ತಂತಿಗಳ ಬಣ್ಣಗಳ ಅರ್ಥವನ್ನು ಹೇಳಬೇಕಾಗಿದೆ. ಹೊರಗಿನಿಂದ ತಂದು ಹಾಕಿಸುವ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿಯು ಯಾವಾಗಲೂ ಬ್ಯಾಟರಿಯನ್ನು ಕೂಡಿರುವಂಥದು. ಅದರಿಂದ ರೇಡಿಯೋ ತನ್ನ ನೆನಪನ್ನು ಉಳಿಸಿಕೊಳ್ಳುತ್ತದೆ. ಕೆಂಪು ತಂತಿಗೆ ಕೀಲಿಯನ್ನು ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರಬೇಕು. ಕಪ್ಪು ಮೈಗೆ. ಬಿಳಿಯ ಗೆರೆಯುಳ್ಳ ನೀಲಿ ತಂತಿಯು ಆಂಪ್ಲಿಫಯರಿಗೆ 'ಏಳು' ಎಂದು ಅಪ್ಪಣೆ ಕೊಡುವುದು. ರೇಡಿಯೋ ಹಾಡುವಾಗ ಮಾತ್ರ ಅದರಲ್ಲಿ ವಿದ್ಯುತ್ತು ಬರುತ್ತದೆ. ಆಂಪ್ಲಿಫಯರಿನ ಆಹಾರವಾದರೋ ಬೇರೊಂದು ದಪ್ಪ ತಂತಿಯಿಂದ ನೇರವಾಗಿ ಬ್ಯಾಟರಿಯಿಂದಲೇ ಬರುತ್ತದೆ. ಕೆರೆಯ ತೂಬನ್ನು ತೆಗೆಯುವ ನೀರುಗಂಟಿಯು ಬೇರೆ, ಹರಿಯುವ ನೀರು ಬೇರೆ ಎಂಬಂತೆ ಇದನ್ನು ತಿಳಿಯಬಹುದು.

ಡ್ಯಾಷ್‌ಬೋರ್ಡಿನ ಹಿಂದೆ ಕಪ್ಪು ಟೇಪು ಸುತ್ತಿದ್ದ ಗಂಟನ್ನು ಬಿಚ್ಚಿಸಿದೆವು. ನೀಲಿ ತಂತಿಯನ್ನು ರೇಡಿಯೋದ ನೀಲಿಗೆ ಸೇರಿಸುವುದಕ್ಕೆ ಬದಲಾಗಿ ಹಳದಿಯ ಜೊತೆಗೆ ಹೊಸೆದಿದ್ದರು. ನೀರುಗಂಟಿಗೆ ನಿದ್ರೆಯೇ ಇಲ್ಲ! ಆಂಪ್ಲಿಫಯರು ಹಾಡಿಲ್ಲದೆ, ಕೇಳುವವರಿಲ್ಲದೆ, ಸೀಟಿನ ಕೆಳಗೆ ಹಗಲಿರುಳೂ ಎಚ್ಚರವಾಗಿತ್ತು. ಹುಡುಗನು ಸೀಟಿನ ಕೆಳಗೆ ಕೈಯಿಟ್ಟು, "ಬೆಚ್ಚಗಿದೆ ಮೇಷ್ಟ್ರೇ" ಎಂದನು. ಎರಡು ದಿನದಿಂದ ನಿಂತಿದ್ದ ಕಾರಿನಲ್ಲಿ, ಜಡಿಮಳೆಯ ಆ ತಣ್ಣನೆಯ ಬೆಳಿಗ್ಗೆ, ಅದೊಂದು ಪೆಟ್ಟಿಗೆ ಬೆಚ್ಚಗಿತ್ತು. ನೀಲಿಯನ್ನು ನೀಲಿಗೆ ಸೇರಿಸಿ ರೇಡಿಯೋವನ್ನು ಮತ್ತೆ ಕೂರಿಸಿದ ಮೇಲೆ ಮೀಟರು 0.01 ತೋರಿಸಿತು. ಅದು ರೇಡಿಯೋದ ನೆನಪು. ಮೂರು ವಾರ ನಿಂತರೂ ಐದು ಆಂಪಿಯರ್-ಗಂಟೆಯ ಖರ್ಚು.

ರಾಯರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಳಗೆ ಹೋಗಿ ಮೊಳೆಯಲ್ಲಿದ್ದ ಕೀಲಿಯನ್ನು ತಂದು, "ನೀನೇ ಚಾಲೂ ಮಾಡಿ ನೋಡಪ್ಪ" ಎಂದು ಹುಡುಗನ ಕೈಗೆ ಕೊಟ್ಟರು. ಸೋರಿದ ಬ್ಯಾಟರಿಯಾದ ಕಾರಣ ಅಂದು ಅದು ಚಾಲೂ ಆಗಲಿಲ್ಲ. ಎಲ್ಲರೂ ಸೇರಿ ತಳ್ಳಿದೆವು. ಒಳಗೆ ಕುಳಿತಿದ್ದವನು ಹುಡುಗ.

ಪ್ರಸ್ತುತಕ್ಕೆ ಬರೋಣ. ಎಲ್ಲ ಫ್ಯೂಸುಗಳನ್ನು ಕಿತ್ತರೂ ಅಂಕೆಯು ಇಳಿಯದಿರುವುದುಂಟು. ಹಳೆಯ ಅಂಬಾಸಿಡರಿನಂತಹ ಗಾಡಿಗಳಲ್ಲಿ ಫ್ಯೂಸುಗಳೇ ಎರಡೋ ನಾಲ್ಕೋ. ಅನೇಕ ತಂತಿಗಳು ಯಾವ ಫ್ಯೂಸಿನ ಕಾವಲೂ ಇಲ್ಲದೆ ಓಡಾಡುತ್ತವೆ. ಆಗ ಆಲ್ಟರ್ನೇಟರಿನ ದಪ್ಪ ತಂತಿಯನ್ನು ಬಿಚ್ಚಿ ನೋಡಬೇಕು. ಬಿಚ್ಚುವ ಮೊದಲು ಬ್ಯಾಟರಿಯನ್ನು ಬೇರ್ಪಡಿಸುವುದನ್ನು ಮರೆಯಕೂಡದು. ಆಲ್ಟರ್ನೇಟರಿನೊಳಗೆ ಡಯೋಡುಗಳೆಂಬ ಏಕಮುಖ ಬಾಗಿಲುಗಳಿವೆ. ವಿದ್ಯುತ್ತು ಬ್ಯಾಟರಿಯ ಕಡೆಗೆ ಹೋಗಬಹುದು, ಹಿಂದಿರುಗಲಾಗದು. ಅವುಗಳಲ್ಲಿ ಒಂದು ಕೆಟ್ಟರೆ ಬಾಗಿಲು ಎರಡೂ ಕಡೆಗೆ ತೆರೆದಂತಾಗಿ ಬ್ಯಾಟರಿಯು ರಾತ್ರಿಯೆಲ್ಲ ಅಲ್ಲಿಂದ ಸೋರುತ್ತದೆ. ತಂಪಾಗಿರಬೇಕಾದ ಬೆಳಗಿನ ಹೊತ್ತಿನಲ್ಲಿ ಆಲ್ಟರ್ನೇಟರಿನ ಮೈ ಬೆಚ್ಚಗಿದ್ದರೆ ಇದೇ ಕಾರಣವೆಂದು ಸಂಶಯಿಸಬಹುದು. ಡೈನಮೋ ಇರುವ ಇನ್ನೂ ಹಳೆಯ ಗಾಡಿಗಳಲ್ಲಿ ಡಯೋಡಿನ ಕೆಲಸವನ್ನು ಕಟೌಟ್ ಎಂಬ ಸಣ್ಣ ಉಪಕರಣವು ಮಾಡುತ್ತದೆ. ಅದರ ತುಟಿಗಳು ಸುಟ್ಟು ಅಂಟಿಕೊಂಡರೆ ಬ್ಯಾಟರಿಯು ಕೆಲವೇ ಗಂಟೆಗಳಲ್ಲಿ ಬರಿದಾಗಿ ತಂತಿಯೂ ಬಿಸಿಯಾಗುತ್ತದೆ. ಇದು ಅಪಾಯಕರವಾದುದರಿಂದ ಒಡನೆಯೇ ಬ್ಯಾಟರಿಯನ್ನು ಬಿಚ್ಚತಕ್ಕದ್ದು.

ಬ್ಯಾಟರಿಯ ನೆತ್ತಿಯೇ ಸೋರುವುದೂ ಉಂಟು. ಆಮ್ಲದ ತೇವವೂ ಧೂಳೂ ಸೇರಿ ಎರಡು ಧ್ರುವಗಳ ನಡುವೆ ಒಂದು ಕೊಳಕಾದ ಸೇತುವೆಯನ್ನು ಕಟ್ಟುತ್ತವೆ. ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಋಣಧ್ರುವಕ್ಕೂ ಇನ್ನೊಂದನ್ನು ಬ್ಯಾಟರಿಯ ಮುಚ್ಚಳದ ಮೇಲೂ ಆಡಿಸಿದರೆ, ಶುದ್ಧವಾಗಿರುವಲ್ಲಿ ಏನೂ ತೋರದು. ಕೊಳೆಯಿರುವಲ್ಲಿ ಅಂಕೆಯು ಮೇಲೇಳುತ್ತದೆ. ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಮುಚ್ಚಳಗಳ ಒಳಕ್ಕೆ ಹೋಗದಂತೆ ತೊಳೆದು ಒರಸಿ, ಧ್ರುವಗಳಿಗೆ ವ್ಯಾಸಲೀನನ್ನು ಸವರಿದರೆ ಗುಣವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ತಿಂಗಳಿಗೊಮ್ಮೆಯಾದರೂ ಮಾಡುವುದು ಒಳ್ಳೆಯದು. ಅದೇ ಕಾಲದಲ್ಲಿ ಇಲಿಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಬಿಡಾರ ಹೂಡಿ ತಂತಿಯ ಹೊದಿಕೆಯನ್ನು ಕಡಿಯುತ್ತವೆ. ಕಡಿದ ತಂತಿಯು ಒಣಗಿದಾಗ ಸುಮ್ಮನಿದ್ದು ಮಳೆಯ ದಿನ ಮಾತ್ರ ಸೋರುವುದರಿಂದ, ಅಳತೆಯನ್ನು ತೇವವಿರುವ ದಿನವೇ ಮಾಡಬೇಕು.

ಮಿಕ್ಕ ಸೋರಿಕೆಗಳೆಲ್ಲ ಬಹುಮಟ್ಟಿಗೆ ನಾವೇ ಬರಮಾಡಿಕೊಂಡವು. ಕಾರ್ಖಾನೆಯವರು ಹಾಕದೆ, ಆಮೇಲೆ ನಾವು ಹಾಕಿಸಿದ ಸಾಮಾನುಗಳ ಪಟ್ಟಿಯನ್ನು ಮೊದಲು ನೆನೆದುಕೊಳ್ಳಿ: ಕಳ್ಳರಿಗೆ ಕೂಗುವ ಅಲಾರಂ, ಹಿಂದಕ್ಕೆ ಸರಿಯುವಾಗ ಹಾಡುವ ಹಾರನ್ನು, ಫೋನಿಗೆ ವಿದ್ಯುತ್ತು ತುಂಬುವ ಚಾರ್ಜರು, ಮುಂದುಗಡೆ ಕೂರಿಸಿದ ಗಣಪತಿಯ ಸುತ್ತಲಿನ ಬಣ್ಣದ ದೀಪ. ಭಕ್ತಿಗೆ ನಾವು ಅಡ್ಡಬರುವವರಲ್ಲ. ಆ ದೀಪದ ತಂತಿಯನ್ನು ಮಾತ್ರ ಕೀಲಿಯ ಅಂಕೆಗೆ ಒಳಪಡಿಸಿದರೆ ಸಾಕು. ಇನ್ನು ಡಿಕ್ಕಿಯಲ್ಲಿ ದೀಪವಿರುವ ಗಾಡಿಗಳಲ್ಲಿ, ಮುಚ್ಚಿದ ಮೇಲೆ ಅದು ಆರಿತೇ ಎಂಬುದನ್ನು ಹೊರಗಿನಿಂದ ನೋಡಲಾಗದು. ಫೋನಿನ ಕ್ಯಾಮರಾವನ್ನು ವೀಡಿಯೋಕ್ಕೆ ಹಚ್ಚಿ ಒಳಗಿಟ್ಟು ಮುಚ್ಚಿ ತೆರೆದರೆ ಅದು ಹೇಳುತ್ತದೆ. ನಮ್ಮ ಮೊಮ್ಮಗಳು ಕಲಿಸಿದ ಉಪಾಯವಿದು.

ಕೆಲವರು ಹುಡುಕುವ ಗೋಜಿಗೆ ಹೋಗದೆ ಬ್ಯಾಟರಿಗೆ ಒಂದು ಕಟಾಫ್ ಸ್ವಿಚ್ಚನ್ನು ಹಾಕಿಸಿಬಿಡುತ್ತಾರೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ಯೋಗ್ಯವಾದುದೇ. ಆದರೆ ತಂತಿಯೊಂದು ಹೊದಿಕೆ ಕಳೆದುಕೊಂಡು ಮೈಗೆ ತಗಲಿ ಸೋರುತ್ತಿದ್ದರೆ, ಓಡುವಾಗ ಸ್ವಿಚ್ಚು ಹಾಕಿರುವುದರಿಂದ ಅದು ಆಗಲೂ ಬಿಸಿಯಾಗುತ್ತಲೇ ಇರುತ್ತದೆ, ಬೆಂಕಿಗೂ ಕಾರಣವಾದೀತು. ಆದುದರಿಂದ ಮೊದಲು ಹುಡುಕಿ, ಆಮೇಲೆ ಬೇಕಾದರೆ ಸ್ವಿಚ್ಚು ಹಾಕಿಸಬಹುದು.

ಸೋರಿಕೆಯು ಸಿಕ್ಕಿದ ದಿನವೇ ಬ್ಯಾಟರಿಯನ್ನು ಪೂರ್ತಿ ತುಂಬಿಸಬೇಕು. ಊರಿನೊಳಗೆ ಹತ್ತು ನಿಮಿಷ ಸುತ್ತಿದರೆ ಅದು ತುಂಬದು. 35ರ ಬ್ಯಾಟರಿಗೆ ಮೂರೂವರೆ ಆಂಪಿಯರಿನಂತೆ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ತುಂಬಿಸುವುದು ಕ್ರಮ. ಮುಚ್ಚಳ ತೆಗೆಯುವಂತಹ ಬ್ಯಾಟರಿಯಾದರೆ ಫಲಕಗಳು ಮುಳುಗಿವೆಯೇ ಎಂದು ಮೊದಲು ನೋಡಿ, ಮುಳುಗಿಲ್ಲದಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರನ್ನು ಹಾಕಬೇಕು. ಗುರುತಿನವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ನಲ್ಲಿಯ ನೀರನ್ನಾಗಲಿ ಆಮ್ಲವನ್ನಾಗಲಿ ಹಾಕಕೂಡದು. ತುಂಬಿದ ಮೇಲೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆದು, ಅಂಕೆಯನ್ನು ತಾರೀಖಿನೊಡನೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. ಮೂರು ದಿನ ನಿಲ್ಲಿಸಿ ಮತ್ತೆ ಅಳೆಯಿರಿ. ಹೆಚ್ಚು ಇಳಿದಿಲ್ಲವಾದರೆ ಕೆಲಸ ಮುಗಿಯಿತು. ಪರೀಕ್ಷೆಗೆಂದು ತೆಗೆದುಕೊಂಡಿದ್ದ ನಂಬರ್ ಪ್ಲೇಟಿನ ಬಲ್ಬನ್ನು ಮಾತ್ರ ಅದರ ಜಾಗಕ್ಕೆ ಮತ್ತೆ ಹಾಕತಕ್ಕದ್ದು. ರಾತ್ರಿ ಪೋಲೀಸಿನವರು ಅದನ್ನೇ ನೋಡುತ್ತಾರೆ.